ಹಿಂದಿನ ಅಂಚಿನ ಕೆಂಪು

ಜರೀಫಾಳಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬೈತ್ ಲೋಜ್ ಊರಿನ ಹೆಂಗಸರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವ ಅದೇ ಹೆಂಗಸರು ಮಗಳ ಮದುವೆ ಗೊತ್ತಾಯಿತೆಂದರೆ ಬಟ್ಟೆಯ ಗಂಟು ಹೊತ್ತು ಅವಳ ಬಾಗಿಲಿಗೆ ಬರುತ್ತಾರೆ. ಮದುಮಗಳು ತೊಡುವ ಉದ್ದ ನಿಲುವಂಗಿಯ, ಅಂದರೆ ತೋಬಿನ, ಎದೆಪಟ್ಟಿಗೆ ಅವಳಷ್ಟು ಬಿಗಿಯಾಗಿ ಎಳೆ ಎಣಿಸಿ ಕಸೂತಿ ಹಾಕುವ ಕೈ ಈ ಬೆಟ್ಟಸಾಲಿನಲ್ಲಿ ಇನ್ನೊಂದಿಲ್ಲ. ಆ ಕಸೂತಿಯನ್ನೂ ಅವಳು ಕೂತು ಹಾಕಿದವಳಲ್ಲ. ಹೊಸ್ತಿಲಲ್ಲಿ ನಿಂತು ನಾಲ್ಕು ಹೊಲಿಗೆ, ಮಾಳಿಗೆಯ ಮೆಟ್ಟಿಲಲ್ಲಿ ನಾಲ್ಕು, ತಲೆಯ ಮೇಲೆ ಹಿಟ್ಟಿನ ತಟ್ಟೆ ಹೊತ್ತು ತಬೂನ್ ಒಲೆಗೆ ಹೋಗುವ ದಾರಿಯಲ್ಲಿ ಇನ್ನು ನಾಲ್ಕು. ಸೂಜಿ ಚುಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ಚುಚ್ಚುತ್ತೆ. ಚುಚ್ಚಿದಾಗ್ಲೇ ಬದುಕಿದೀನಿ ಅಂತ ಗೊತ್ತಾಗೋದು" ಎನ್ನುತ್ತಾಳೆ.

ನಾನು ಹೇಳುತ್ತಿರುವುದು ಅವಳಿಗೆ ಮೂವತ್ತು ದಾಟಿದ್ದ ಕಾಲದ ಮಾತು. ಊರಿನಲ್ಲಿ ವಾರ ಬಿಟ್ಟು ವಾರ ಕರ್ಫ್ಯೂ ಬೀಳುತ್ತಿದ್ದ ವರ್ಷಗಳು. ಅವಳ ಗಂಡ ದಿಯಾಬ್ ಕಲ್ಲುಗಣಿಯಲ್ಲಿ ಬಂಡೆ ಉರುಳಿ ತೀರಿಹೋಗಿ ಆರನೆಯ ವರ್ಷ. ಮಕ್ಕಳಾಗಿರಲಿಲ್ಲ. ಮಗನ ಹೆಸರು ಸೇರಿಸಿ ತಾಯಿಯನ್ನು ಕರೆಯುವ ನಮ್ಮಲ್ಲಿ ಮಕ್ಕಳಿಲ್ಲದವಳನ್ನು ಏನೆಂದು ಕರೆಯುವುದು? ಉಮ್ಮ್ ಗಾಯಬ್ ಎನ್ನುತ್ತಾರೆ, ಇಲ್ಲದವನ ತಾಯಿ ಎಂದು. ಮರ್ಯಾದೆಗೆ ಇಟ್ಟ ಹೆಸರಂತೆ. ಇಂಥ ಮರ್ಯಾದೆಗಿಂತ ಕಪಾಳಕ್ಕೆ ಬಾರಿಸಿದ್ದರೂ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಅವಳು ಮಾತ್ರ ಕರೆದಾಗೆಲ್ಲ ಓಗೊಡುತ್ತಿದ್ದಳು.

ಆ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅತ್ತೆ ಫಿದ್ದಾ. ಊರಿಗೆಲ್ಲ ಉಮ್ಮ್ ದಿಯಾಬ್. ಮಗ ಹೋದ ಮೇಲೂ ಆ ಹೆಸರು ಹೋಗಲಿಲ್ಲ. ಫಿದ್ದಾಳ ತವರೂರು, ಕೊಟ್ಟ ಊರು ಎರಡೂ ಕೆಳಗಿನ ಬಯಲಿನ ದೇರ್ ಸನಾ. ನಲವತ್ತೆಂಟರ ಯುದ್ಧದಲ್ಲಿ ಆ ಊರೇ ಇಲ್ಲದಂತಾಯಿತು. ಬೇರೆಯವರು ಮನೆಯ ಬೀಗದ ಕೈ ಹಿಡಿದುಕೊಂಡು ಓಡಿಬಂದರು. ಫಿದ್ದಾ ಬಂದದ್ದು ಮೈಮೇಲಿನ ತೋಬಿನಲ್ಲಿ. ಊರಿನಿಂದ ಏನು ತಂದಿರಿ ಎಂದು ಕೇಳಿದವರಿಗೆ ಎದೆ ತಟ್ಟಿ ತೋರಿಸುತ್ತಿದ್ದಳು. ಅಲ್ಲಿ ಕಸೂತಿಯಲ್ಲಿ ನೆಟ್ಟಗೆ ನಿಂತ ಸರೂ ಮರ, ಮರದ ಬುಡದಲ್ಲಿ ಕೋಳಿಯ ಕಾಲಿನ ಗುರುತು. ಸರೂ ಮರವನ್ನು ಎಲ್ಲ ಊರಿನವರೂ ಹಾಕುತ್ತಾರೆ; ಬುಡಕ್ಕೆ ಕೋಳಿಕಾಲು ಹಾಕುತ್ತಿದ್ದವರು ದೇರ್ ಸನಾದವರು ಮಾತ್ರ. ಹೆಣ್ಣುಮಕ್ಕಳಿಲ್ಲದ ಫಿದ್ದಾ ಅದನ್ನು ಸೊಸೆಗೆ ಕಲಿಸಿದಳು. ಕಲಿಸಿ ಮುಗಿಯುವ ಹೊತ್ತಿಗೆ ಅವಳ ಕಣ್ಣು ಪೂರ್ತಿ ಹೋಯಿತು.

ಕಣ್ಣು ಹೋದ ಮೇಲೆ ಒಂದು ರೂಢಿ ಬೆಳೆಯಿತು. ಸಂಜೆ ಚಹಾಕ್ಕೆ ಸೇಜ್ ಎಲೆ ಹಾಕಿ ಕುದಿಸಿ ಕೊಟ್ಟ ಮೇಲೆ ಫಿದ್ದಾ ಕೇಳುತ್ತಿದ್ದಳು: "ಇವತ್ತೇನು ಬಣ್ಣ?" ಜರೀಫಾ ಅಂದಂದಿನ ಬಣ್ಣ ಒಪ್ಪಿಸಬೇಕು. ಆಕಾಶ ಎಂಥದು, ಗುಡ್ಡ ಎಂಥದು, ಯಾರು ಯಾವ ಬಣ್ಣ ಉಟ್ಟಿದ್ದರು. ಅವಳು ಹೇಳಿದಷ್ಟೇ ಅತ್ತೆಯ ಲೋಕ. ಇನ್ನೊಂದು ರೂಢಿಯೆಂದರೆ ಸೂಜಿದಿಂಬು. ಸುಮ್ಮನೆ ಕೂರಲಾರದ ಮುದುಕಿ ಅಂಚು ಹೊಲಿಯುವ ಕೆಲಸಕ್ಕೆ ಕೈ ಹಾಕುತ್ತಿದ್ದುದರಿಂದ, ಜರೀಫಾ ದಾರ ಪೋಣಿಸಿದ ಸೂಜಿಗಳನ್ನು ದಿಂಬಿಗೆ ಚುಚ್ಚಿ ಇಡುತ್ತಿದ್ದಳು. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಇದು ಎಂದೂ ತಪ್ಪುತ್ತಿರಲಿಲ್ಲ.

ಕೆಂಪು ನೀಲಿಯ ಲೆಕ್ಕ ನಮ್ಮಲ್ಲಿ ಹುಡುಗಾಟದ್ದಲ್ಲ. ಮದುಮಗಳದು ಕೆಂಪು ಕಸೂತಿ. ಗಂಡ ತೀರಿದರೆ ನೀಲಿ. ವಿಧವೆಯ ಮನಸ್ಸು ಮತ್ತೆ ಬದುಕಿನ ಕಡೆ ತಿರುಗಿತೆಂದರೆ ನೀಲಿಯ ನಡುವೆ ಒಂದಿಷ್ಟು ಕೆಂಪು ಕಾಣಿಸಿಕೊಳ್ಳುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಕೆಂಪು ಕಂಡ ಮೇಲೆ ಮಾತ್ರ ಹೆಣ್ಣು ಕೇಳಲು ಬರುತ್ತಾರೆ. ಜರೀಫಾಳ ಬೆರಳುಗಳ ನಡುವೆ ದಿನವಿಡೀ ಹರಿಯುತ್ತಿದ್ದುದು ಬೇರೆಯವರ ಮನೆಯ ಮದುಮಕ್ಕಳ ಕೆಂಪು. ಅವಳ ಮೈಮೇಲೆ ಇದ್ದದ್ದು ನೀಲಿ.

ಆ ವರ್ಷ ಪಕ್ಕದ ಮನೆಯ ಖದ್ರಾಳ ಮಗಳ ಮದುವೆ. ಗೋಡೆಗೆ ಗೋಡೆ ಹಂಚಿಕೊಂಡ ಮನೆ, ಖದ್ರಾಳ ನಾಲಿಗೆಗೆ ಆ ಗೋಡೆ ಯಾವತ್ತೂ ಅಡ್ಡಬಂದಿರಲಿಲ್ಲ. ಮದುವೆಯ ತೋಬಿಗೆ ದಾರ ತರಲು ಜರೀಫಾ ಖಲೀಲ್ ಪಟ್ಟಣಕ್ಕೆ ಹೋಗಿ ಅತ್ವಾನನ ವ್ಯಾನಿನಲ್ಲಿ ವಾಪಸು ಬರುತ್ತಿದ್ದಳು. ಅತ್ವಾನ್ ಇಳಿಜಾರಿನ ಕೆಳಗಿನ ಕೇರಿಯವನು. ಹೆಂಡತಿ ಸತ್ತು, ಅಕ್ಕ ಸಬ್ಹಾಳ ಅಡುಗೆ ತಿಂದುಕೊಂಡು, ಊರಿಗೂ ಪಟ್ಟಣಕ್ಕೂ ವ್ಯಾನ್ ಓಡಿಸುತ್ತಿದ್ದ. ಅಂದು ತನಿಖೆಯ ಗೇಟಿನಲ್ಲಿ ಸೈನಿಕರು ವ್ಯಾನ್ ನಿಲ್ಲಿಸಿ ಬಿಡಲೇ ಇಲ್ಲ. ಒಳಗೆ ಕೂತವರು ನಿಟ್ಟುಸಿರು ಬಿಡುತ್ತ ಕೂತರು. ಜರೀಫಾಳಿಂದ ಆಗಲಿಲ್ಲ. ಇಳಿದು ರಸ್ತೆಯ ಬದಿಗೆ ಅತ್ತಿಂದಿತ್ತ ನಡೆಯತೊಡಗಿದಳು.

"ಉಮ್ಮ್ ಗಾಯಬ್, ನೀವು ಹೀಗೇ ನಡೀತಾ ಇದ್ರೆ ನನ್ನ ವ್ಯಾನಿಗಿಂತ ಮೊದಲು ಊರು ಸೇರ್ತೀರಿ" ಎಂದ ಅತ್ವಾನ್, ಕಿಟಕಿಯಿಂದ ತಲೆ ಹೊರಗೆ ಹಾಕಿ.

"ನಿನ್ನ ವ್ಯಾನಿಗಿಂತ ಮೊದಲು ನಮ್ಮನೆ ಕೋಳಿನೂ ಸೇರುತ್ತೆ."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಒಂದು ಕಿತ್ತಳೆ ಸುಲಿದು ಅರ್ಧ ಅವಳಿಗೆ ಚಾಚಿ, ಸ್ವಲ್ಪ ದನಿ ತಗ್ಗಿಸಿ, "ಜರೀಫಾ ಅಲ್ವಾ ನಿಮ್ಮ ಹೆಸರು? ಇಷ್ಟು ಚೆನ್ನಾಗಿರೋ ಹೆಸರನ್ನ ಯಾಕೆ ಯಾರೂ ಕರೆಯಲ್ಲ?" ಎಂದ.

ಅವಳು ಕಿತ್ತಳೆ ತೆಗೆದುಕೊಳ್ಳಲಿಲ್ಲ. ಆದರೆ ಆ ಮಾತು ಹೊಟ್ಟೆಯೊಳಗೆ ಹೊಕ್ಕು ಕೂತಿತು, ಅವಳು ಮಾತ್ರ ಕೂರಲಾರದೆ ಹೋದಳು.

ಮಾರನೆಯ ದಿನ ಮಾಳಿಗೆಯ ಮೇಲೆ, ಸುತ್ತ ಬಾದಾಮಿ ಮರಗಳೆಲ್ಲ ಬೆಳ್ಳಗೆ ಹೂಬಿಟ್ಟು ನಿಂತಿರುವಾಗ, ಖದ್ರಾಳ ಮಗಳ ತೋಬಿಗೆಂದು ತಂದ ಕೆಂಪು ದಾರದಲ್ಲೇ ಒಂದಿಷ್ಟು ತೆಗೆದು ತನ್ನದೇ ತೋಬಿಗೆ ಒಂದು ಸಣ್ಣ ಸರೂ ಮರ ಹಾಕಿದಳು. ಕೋಳಿಕಾಲು ಸಹಿತ. ಹಾಕಿದ್ದು ಎದೆಗಲ್ಲ, ತೋಳಿಗಲ್ಲ; ಬೆನ್ನ ಕಡೆ, ಕೆಳಗಿನ ಅಂಚಿಗೆ. ಬೆನ್ನ ಹಿಂದಿನದು ಯಾರ ಕಣ್ಣಿಗೆ ಬಿದ್ದೀತು ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ, ಅದೇನೋ ನಿಜ. ಆದರೆ ವ್ಯಾನಿನಿಂದ ಕೊನೆಗೆ ಇಳಿದು, ದಿಬ್ಬದ ದಾರಿ ಹತ್ತಿ ಮನೆಗೆ ಹೋಗುವವಳ ಬೆನ್ನು ಯಾರಿಗೆ ಕಾಣುತ್ತದೆ? ಸ್ಟಿಯರಿಂಗ್ ಹಿಡಿದು ಕೂತವನಿಗೆ. ಇದನ್ನು ಅವಳು ಯೋಚಿಸಿರಲಿಲ್ಲ ಎಂದು ಇವತ್ತಿಗೂ ಆಣೆ ಹಾಕುತ್ತಾಳೆ. ನಾನಂತೂ ನಂಬುವುದಿಲ್ಲ.

ಅಂದು ಸಂಜೆ ಫಿದ್ದಾ ಎಂದಿನಂತೆ ಕೇಳಿದಳು: "ಇವತ್ತೇನು ಬಣ್ಣ?"

"ಬಾದಾಮಿ ಬಿಳಿ. ಆಕಾಶ ಬೂದಿ. ಖದ್ರಾ ಮೂತಿ ಕೆಂಪು, ಗಂಡನ ಹತ್ರ ಜಗಳ ಆಡಿದಾಳೆ."

ಫಿದ್ದಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನೀನು?"

"ನಾನು? ನಾನು ನೀಲಿ. ಇನ್ನೇನು."

ಆ ಸುಳ್ಳು ಸಲೀಸಾಗಿ ಬಂದದ್ದಕ್ಕೆ ಜರೀಫಾಳಿಗೇ ದಿಗಿಲಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಯೂ ನೀಲಿ ಎಂದಳು, ಅದರ ಮರುದಿನವೂ. ಹೇಳಿದರೆ ಅತ್ತೆಯ ಎದೆ ಒಡೆದೀತು ಎಂಬ ಭಯ ಒಂದು ಕಡೆ. ಹೇಳದೆಯೇ ಎಲ್ಲ ತಾನಾಗಿ ಆಗಿಬಿಡಲಿ ಎಂಬ ಕಳ್ಳಾಸೆ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕಿಕೊಂಡು ಅವಳ ಓಡಾಟ ಇನ್ನಷ್ಟು ಹೆಚ್ಚಾಯಿತು. ಗುಡಿಸಿದ ನೆಲವನ್ನೇ ಗುಡಿಸಿದಳು. ಮಾಳಿಗೆಗೆ ಹತ್ತಿ ಯಾಕೆ ಹತ್ತಿದೆನೆಂದು ಮರೆತು ಇಳಿದಳು. ವ್ಯಾನಿನ ಹಾರನ್ ಕೇಳಿದರೆ ಸಾಕು, ಸೂಜಿ ಬೆರಳಿಗೆ ನಾಟುತ್ತಿತ್ತು.

"ಏನೇ, ಮನೇಲಿ ಇರುವೆ ಗೂಡು ತುಳಿದ್ಯಾ? ಒಂದು ಕ್ಷಣ ನಿಲ್ಲಲ್ಲ" ಎಂದು ಫಿದ್ದಾ ರೇಗಿಸುತ್ತಿದ್ದಳು.

ಬಾದಾಮಿಯ ಹೂ ಉದುರಿ ಎಳೆಯ ಹಸಿರು ಕಾಯಿ ಕಟ್ಟಿದ ಮೇಲೆ ಒಂದು ಮಧ್ಯಾಹ್ನ ಅತ್ವಾನನ ಅಕ್ಕ ಸಬ್ಹಾ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಜರೀಫಾ ಹೊಸ್ತಿಲಿಗೆ ಅಡ್ಡ ನಿಂತಳು. ಬೇಡ, ಇವತ್ತು ಬೇಡ, ನಾನಿನ್ನೂ ಹೇಳಿಲ್ಲ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಸಬ್ಹಾ ಅದನ್ನು ನಾಚಿಕೆ ಎಂದುಕೊಂಡಳು. ಬಂದವರನ್ನು ಫಿದ್ದಾ ಆದರದಿಂದ ಹಾಸಿಗೆಯ ಮೇಲೆ ಕೂರಿಸಿಕೊಂಡಳು. ಜರೀಫಾ ಕಾಫಿ ಕಾಸಿ ತಂದು ಎಲ್ಲರ ಮುಂದೆ ಇಟ್ಟು ಗೋಡೆಗೆ ಅಂಟಿ ನಿಂತಳು.

ಮಳೆ, ಎಣ್ಣೆ, ಕರ್ಫ್ಯೂ ಎಂದು ಮಾತು ಸುತ್ತಿ ಬಂತು. ಫಿದ್ದಾ ಉತ್ತರ ಕೊಡುತ್ತಲೇ ಕಿವಿ ಒಡ್ಡಿದ್ದಳು. ಆಮೇಲೆ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು.

"ಏನ್ರಮ್ಮಾ, ಕಾಫಿಗೆ ಏಲಕ್ಕಿ ಕಮ್ಮಿ ಆಯ್ತಾ? ಯಾರೂ ಗುಟುಕು ಹಾಕಿದ ಸದ್ದೇ ಇಲ್ಲ."

"ಏಲಕ್ಕಿ ಸರಿಯಾಗಿದೆ ಉಮ್ಮ್ ದಿಯಾಬ್. ನೀವು ಹೂಂ ಅಂದ್ಮೇಲೆ ಕುಡೀತೀವಿ" ಎಂದಳು ಸಬ್ಹಾ.

"ಹೆಣ್ಣು ಕೇಳೋಕೆ ಬಂದವರ ಹಾಗೆ ಮಾತಾಡ್ತೀಯಲ್ಲೇ! ಬಾಗಿಲು ತಪ್ಪಿ ಬಂದ್ರಾ? ಹೆಣ್ಣಿರೋದು ಖದ್ರಾ ಮನೇಲಿ, ಅವಳಿಗೂ ಗಂಡು ಗೊತ್ತಾಗಿ ಹೋಗಿದೆ."

"ಬಾಗಿಲು ತಪ್ಪಿಲ್ಲ. ನಮ್ಮ ಅತ್ವಾನ್‌ಗೆ ನಿಮ್ಮ ಜರೀಫಾನ ಕೇಳೋಣ ಅಂತ ಬಂದ್ವಿ."

ಫಿದ್ದಾ ಮೊದಲು ನಕ್ಕಳು. ಆಮೇಲೆ ಅವಳ ಮುಖ ಬಿಗಿಯಿತು. "ನನ್ನ ಸೊಸೆ ನೀಲಿ ಉಟ್ಟವಳು ಸಬ್ಹಾ. ನೀಲಿ ಇರೋ ಮನೆಗೆ ಹೀಗೆ ಬರೋದು ನಿಮ್ಮ ಕೇರೀಲಿ ಇರಬಹುದು, ನಮ್ಮಲ್ಲಿಲ್ಲ."

"ಅಯ್ಯೋ, ಕೆಂಪು ಬಂದು ಎಷ್ಟು ದಿನ ಆಯ್ತು! ಹಿಂದಿನ ಅಂಚಿಗೆ ಹಾಕಿದಾಳಲ್ಲ, ಸರೂ ಮರ. ಬಾದಾಮಿ ಹೂ ಬಿಟ್ಟಾಗಿಂದ ಊರೇ ನೋಡ್ತಿದೆ. ಅದು ಕಾಣದೆ ಇದ್ರೆ ನಾವು ಯಾವ ಮುಖ ಇಟ್ಕೊಂಡು ಬರ್ತಿದ್ವಿ..." ಎನ್ನುತ್ತಿದ್ದ ಸಬ್ಹಾ ಮುದುಕಿಯ ಕಣ್ಣುಗಳನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

ಜರೀಫಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು.

"ಹೌದಲ್ಲ!" ಎಂದಳು ಫಿದ್ದಾ, ತೊಡೆ ತಟ್ಟಿಕೊಂಡು. "ಹೇಳಿದ್ಲು, ಹೇಳಿದ್ಲು. ವಯಸ್ಸಾಯ್ತು ನೋಡು, ಮರೆತೇಬಿಟ್ಟೆ. ನನ್ನ ಸೊಸೆ ನನಗೆ ಹೇಳದೆ ಒಂದು ಗಂಟೂ ಹಾಕೋಳಲ್ಲ. ಯೋಚನೆ ಮಾಡಿ ಹೇಳಿಕಳಿಸ್ತೀನಿ, ಈಗ ಹೊರಡಿ."

ಅವರು ಎದ್ದು ಹೋದರು. ತುಂಬಿದ ಲೋಟಗಳು ಇದ್ದಲ್ಲೇ ಆರುತ್ತಿದ್ದವು. ಜರೀಫಾ ಅವನ್ನು ಎತ್ತಲೂ ಆಗದೆ ಬಿಡಲೂ ಆಗದೆ ನಿಂತಿದ್ದಳು.

"ಹತ್ತಿರ ಬಾ" ಎಂದಳು ಫಿದ್ದಾ. ಸೊಸೆಯ ತೋಬನ್ನು ಹಿಡಿದೆಳೆದು ಹಿಂದಿನ ಅಂಚಿನ ಮೇಲೆ ಬೆರಳಾಡಿಸಿದಳು. ಮರ ಸಿಕ್ಕಿತು. ಬುಡದ ಕೋಳಿಕಾಲೂ ಸಿಕ್ಕಿತು.

"ದಿನಾ ಸಂಜೆ ಕೇಳಿದೀನಿ. ದಿನಾ ನೀಲಿ ಅಂದೆ."

"ಹೇಳ್ಬೇಕು ಅಂತಾನೇ ಇದ್ದೆ ಅತ್ತೆ..."

"ನೀನು ಇನ್ನೊಂದು ಮನೆಗೆ ಹೋದ್ರೆ ನನಗೆ ನೋವಾಗಲ್ಲ ಅಂತ ನಾಟಕ ಆಡಲ್ಲ. ನೋವೇ. ನನ್ನ ಮಗನ ಹೆಂಡತಿ ನೀನು, ನನ್ನ ಊರಿನ ಮರ ನಿನ್ನ ಕೈಯಲ್ಲಿದೆ. ಆದ್ರೆ ಈಗ ಸುಡ್ತಿರೋದು ಅದಲ್ಲ ಕಣೇ. ಇಡೀ ಊರಿಗೆ ಕಂಡಿದ್ದು ನನಗೊಬ್ಬಳಿಗೇ ಕಾಣಲಿಲ್ಲ. ಕಣ್ಣು ಹೋಗಿ ಇಷ್ಟು ವರ್ಷ ಆಯ್ತು, ನಾನು ಕುರುಡಿ ಅಂತ ಅನ್ನಿಸಿರಲಿಲ್ಲ. ಇವತ್ತು ನೀನು ಅನ್ನಿಸಿದೆ."

ಇಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಬೈದಿದ್ದರೆ ಜರೀಫಾ ತಿರುಗಿ ಬೈಯುತ್ತಿದ್ದಳು, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದಳು. ಕತ್ತರಿ ಹುಡುಕಿ, ತೋಬು ಬಿಚ್ಚಿಟ್ಟು ಕೆಲಸದ ಹಳೆಯದನ್ನು ಸಿಕ್ಕಿಸಿಕೊಂಡು, ಕೆಂಪು ಮರವನ್ನು ಕಚಕಚನೆ ಬಿಚ್ಚಿ ಹಾಕಿದಳು. ದಾರದ ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದಳು. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಸೂಜಿದಿಂಬಿನ ಬಲಗಡೆಯ ಕೆಂಪು ಸೂಜಿಗಳನ್ನೆಲ್ಲ ಕಿತ್ತು, ಉಳಿದ ನೀಲಿ ಸೂಜಿಗಳನ್ನು ಸಿಟ್ಟಿನಲ್ಲಿ ಸಿಕ್ಕಸಿಕ್ಕಲ್ಲಿ ಚುಚ್ಚಿದಳು. ಕೆಂಪು ದಾರದ ಲಡಿಗಳು, ಕಿತ್ತ ಸೂಜಿಗಳು, ಅರ್ಧ ಮುಗಿದ ಮದುವೆಯ ತೋಬು, ಎಲ್ಲವನ್ನೂ ಬಾಚಿಕೊಂಡು ಹೋಗಿ ಖದ್ರಾಳ ಮಡಿಲಿಗೆ ಎಸೆದಳು.

"ತಗೋ. ಇನ್ನು ನಾನು ಕೆಂಪು ಮುಟ್ಟಲ್ಲ."

"ಲೇ, ಮದುವೆ ಎದುರಿಗಿದೆ! ನನ್ನ ಮಗಳು ಒಂದು ತೋಳಿಗೆ ಕಸೂತಿ ಹಾಕ್ಕೊಂಡು, ಒಂದು ತೋಳು ಬೋಳು ಬಿಟ್ಕೊಂಡು ಹಸೆ ಮೇಲೆ ಕೂತ್ಕೋಬೇಕಾ?"

"ಕೂತ್ಕೊಳ್ಲಿ. ಹೊಸ ಫ್ಯಾಷನ್ ಅಂದ್ಕೋತಾರೆ."

"ಸಬ್ಹಾಗೆ ಏನು ಹೇಳಿದ್ರಿ? ಗೋಡೆಗೆ ಕಿವಿ ಇಟ್ರೂ ಕೊನೆ ಮಾತು ಕೇಳಿಸಲಿಲ್ಲ."

"ನಿನ್ನ ಕಿವಿಗೆ ಎಣ್ಣೆ ಬಿಟ್ಕೋ" ಎಂದು ಜರೀಫಾ ಹಿಂದಕ್ಕೆ ಬಂದಳು. ಬರುವ ದಾರಿಯಲ್ಲಿ ಅಳು ಒತ್ತರಿಸಿ ಬಂತು.

ಮರುದಿನ ಮುಂಜಾನೆ ಸೈನಿಕರ ಜೀಪಿನ ಧ್ವನಿವರ್ಧಕ ಕೂಗಿಕೊಂಡು ಹೋಯಿತು. ಕರ್ಫ್ಯೂ. ಯಾರೂ ಹೊಸ್ತಿಲು ದಾಟುವಂತಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಮಾತಿಲ್ಲದ ಇಬ್ಬರು ಹೆಂಗಸರು. ಜರೀಫಾ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು. ಆರಿಸಿಟ್ಟ ಬೇಳೆಯನ್ನು ಮತ್ತೆ ಆರಿಸಿದಳು. ಆ ಕಾಫಿ ಲೋಟಗಳನ್ನು ತೊಳೆದು, ಒರೆಸಿ, ಮತ್ತೆ ತೊಳೆದಳು. ಕೆಂಪು ಕಸೂತಿಯ ಕೆಲಸ ನಿಂತ ಮೇಲೆ ಕೈಗಳು ಏನು ಮಾಡಬೇಕೆಂದು ತಿಳಿಯದೆ ಒಂದನ್ನೊಂದು ಹಿಸುಕುತ್ತಿದ್ದವು.

ಅವಳಿಗೆ ಎಲ್ಲರ ಮೇಲೂ ಕೋಪ ಬಂತು. ಬಂಡೆ ಉರುಳುವಾಗ ಪಕ್ಕಕ್ಕೆ ಸರಿಯದ ದಿಯಾಬ್‌ನ ಮೇಲೆ, ಹೆಸರು ಹಿಡಿದು ಕರೆದ ಅತ್ವಾನನ ಮೇಲೆ, ನಾಲಿಗೆ ತಡೆಹಿಡಿಯಲಾರದ ಸಬ್ಹಾಳ ಮೇಲೆ. ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ. ಹೋಗಬೇಕೆಂಬ ಆಸೆ ಕೆಂಪು ದಾರದ ಜೊತೆ ಸುಟ್ಟುಹೋಗಿರಲಿಲ್ಲ, ಅದು ಇನ್ನೂ ಅಲ್ಲೇ ಇತ್ತು. ಆದರೆ ಈ ಮುದುಕಿಯ ಬೆನ್ನು ದಾಟಿ ಹೋಗುವ ಧೈರ್ಯ ಅವಳಲ್ಲಿ ಇರಲಿಲ್ಲ. ಸಂಜೆ ಚಹಾ ಕೊಟ್ಟಳು. ಫಿದ್ದಾ ಕುಡಿದಳು. ಬಣ್ಣ ಕೇಳಲಿಲ್ಲ. ಮಾರನೆಯ ಸಂಜೆಯೂ ಕೇಳಲಿಲ್ಲ. ಕೇಳದ ಆ ಪ್ರಶ್ನೆಗಾಗಿ ಜರೀಫಾ ಲೋಟ ಹಿಡಿದು ಕಾದಳು, ಮತ್ತೆ ಎದ್ದು ಕಿಟಕಿಗೆ ಹೋದಳು.

ಇನ್ನೊಂದು ಬೆಳಿಗ್ಗೆ ಜೀಪು ಬಂದು, ಮಧ್ಯಾಹ್ನದವರೆಗೆ ಹೊರಗೆ ಬರಬಹುದು ಎಂದು ಕೂಗಿತು. ಊರೆಲ್ಲ ನೀರಿಗೆ, ಹಿಟ್ಟಿಗೆ, ಒಲೆಗೆ ಓಡಿತು. ಜರೀಫಾ ಹಿಟ್ಟಿನ ತಟ್ಟೆ ಹೊತ್ತು ತಬೂನ್ ಒಲೆಗೆ ಹೋದಳು. ಅಲ್ಲಿ ಹೆಂಗಸರು ಅವಳ ಬೆನ್ನಿನ ಕಡೆ ಕಣ್ಣು ಹಾಯಿಸಿ, ಹಳೆಯ ಬಟ್ಟೆ ಕಂಡು, ಬೇರೆ ಮಾತಿಗೆ ಹೊರಳಿದರು. ರೊಟ್ಟಿ ಸುಟ್ಟುಕೊಂಡು ಬಿಸಿಯಾರುವ ಮೊದಲೇ ಮನೆಗೆ ಬಂದಳು.

ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಅವಳ ನೀಲಿ ತೋಬು ಗೂಟದಲ್ಲಿರಲಿಲ್ಲ. ಅದು ಫಿದ್ದಾಳ ಮಡಿಲಲ್ಲಿತ್ತು. ಮುದುಕಿ ಬಾಗಿಲ ಬಳಿಯ ಬಿಸಿಲಿಗೆ ಕಾಲು ಚಾಚಿ ಕೂತು, ಹಿಂದಿನ ಅಂಚನ್ನು ಮೊಣಕಾಲಿನ ಮೇಲೆ ಹರಡಿಕೊಂಡು, ತುಟಿ ಬಿಗಿಹಿಡಿದು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಸೂಜಿದಿಂಬು. ಬೆರಳ ತುದಿಯಲ್ಲಿ ಅಲ್ಲಲ್ಲಿ ರಕ್ತದ ಚುಕ್ಕೆ.

"ಬಂದ್ಯಾ? ಬಾ, ನೋಡು" ಎಂದಳು ಫಿದ್ದಾ. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು. "ನೀನು ಬಿಚ್ಚಿ ಎಸೆದ್ರೂ ಸೂಜಿ ತೂತು ಹಾಗೇ ಇತ್ತು. ಉಗುರಲ್ಲಿ ಹುಡುಕಿ ಹುಡುಕಿ ಹಾಕಿದೀನಿ. ಕೋಳಿಕಾಲು ಸ್ವಲ್ಪ ಕುಂಟುತ್ತೆ, ಕುಂಟಲಿ. ಬಲಗಡೆ ಸೂಜಿಲೇ ಹಾಕಿದೀನಿ, ನೋಡ್ಕೋ. ದೇರ್ ಸನಾ ಮರ ಇದು. ನನ್ನ ಮದುವೇಲಿ ಇದು ಕೆಂಪಾಗಿತ್ತು. ನಿನ್ನ ಮೈಮೇಲೂ ಕೆಂಪಾಗೇ ನಿಲ್ಲಲಿ. ನಾನು ಒಪ್ಪಲಿಲ್ಲ ಅಂತ ಇನ್ಮೇಲೆ ಯಾವಳೂ ಅನ್ನೋ ಹಾಗಿಲ್ಲ, ನನ್ನ ಕೈಯಾರೆ ಹಾಕಿದೀನಿ. ಹೇಗಿದೆ?"

ಜರೀಫಾ ಮಂಡಿಯೂರಿ ನೋಡಿದಳು. ಸೊಟ್ಟ ಮರ, ಕುಂಟುವ ಕೋಳಿಕಾಲು. ಕೊನೆಯ ಹೊಲಿಗೆಯವರೆಗೂ ನೀಲಿ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೂಜಿದಿಂಬು ಕಂಡಿತು. ಬಲಗಡೆಯೂ ನೀಲಿ, ಎಡಗಡೆಯೂ ನೀಲಿ. ಸಿಟ್ಟಿನಲ್ಲಿ ಸಿಕ್ಕಸಿಕ್ಕಲ್ಲಿ ಚುಚ್ಚಿದ ತನ್ನ ಕೈ ನೆನಪಾಯಿತು. ಅತ್ತೆ ಬಲಗಡೆಯ ಸೂಜಿಯನ್ನು ಕೆಂಪೆಂದು ನಂಬಿ, ಬೆರಳು ಚುಚ್ಚಿಸಿಕೊಂಡು, ಎದೆಯ ನೋವನ್ನು ನುಂಗಿಕೊಂಡು ಕೊಟ್ಟ ಅಪ್ಪಣೆ ವಿಧವೆಯ ಬಣ್ಣದಲ್ಲಿ ಅಂಚಿಗೆ ಕೂತಿತ್ತು.

ಒಂದೇ ಒಂದು ಮಾತು ಸಾಕಿತ್ತು. ಕೆಂಪಾಗಿದೆ ಅತ್ತೆ, ಚೆನ್ನಾಗಿದೆ. ಆಮೇಲೆ ಖದ್ರಾಳಿಂದ ದಾರ ತಂದು, ಮಾಳಿಗೆಯ ಮೇಲೆ ನಿಂತು, ನೀಲಿ ಬಿಚ್ಚಿ ಅದೇ ತೂತುಗಳಲ್ಲಿ ಕೆಂಪು ಹಾಕಿಕೊಂಡರೆ ಮುಗಿಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕಿ ಸಂತೋಷವಾಗಿರುತ್ತಿದ್ದಳು. ಇದು ನೀಲಿ ಎಂದು ಹೇಳಿಬಿಟ್ಟರೆ? ದೇವರೇ ಬೇಡವೆಂದ ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದರೆ? ಕೈಗೆ ಬಂದದ್ದು ಮತ್ತೆ ಹೋದರೆ? ಜರೀಫಾಳ ಕಾಲುಗಳು ಎದ್ದು ಓಡಲು ತವಕಿಸಿದವು.

"ಯಾಕೇ ಸುಮ್ಮನಾದೆ? ಅಷ್ಟು ಕೆಟ್ಟದಾಗಿದ್ಯಾ?"

"ಅತ್ತೆ, ಇದು ನೀಲಿ."

ಫಿದ್ದಾಳ ಕೈ ಬಟ್ಟೆಯ ಮೇಲೆ ನಿಂತಿತು.

"ಬಲಗಡೇದು ತಗೊಂಡೆ."

"ಬಲಗಡೇನೂ ನೀಲಿನೇ ಇತ್ತು. ಕೆಂಪೆಲ್ಲ ಕಿತ್ತು ಖದ್ರಾ ಮುಖಕ್ಕೆ ಎಸೆದು ಬಂದೆ ಅವತ್ತು. ತಪ್ಪು ನಂದು. ಕೆಂಪು ಅಂತ ಹೇಳಿಬಿಡೋಣ ಅನ್ನಿಸ್ತು. ಹೇಳಲ್ಲ. ಇನ್ಯಾವತ್ತೂ ಹೇಳಲ್ಲ."

ಮುದುಕಿಯ ಕೆಳದುಟಿ ಅದುರಿತು. ಅಳುತ್ತಾಳೆ ಎಂದು ಜರೀಫಾ ಅವಳ ಮೊಣಕೈ ಹಿಡಿದುಕೊಂಡಳು. ಅಳು ಹೌದು, ಆದರೆ ಅದರೊಳಗಿಂದ ನಗು ಉಕ್ಕಿ ಬಂತು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದುಕೊಂಡಿತು, ಮೈಯೆಲ್ಲ ಕುಲುಕಿತು.

"ಅಯ್ಯೋ ದಿಯಾಬ್, ದಿಯಾಬ್! ಸತ್ತ ಮೇಲೂ ಜಾಗ ಬಿಡಲ್ಲ ನೋಡು ಇವನು! ಚಿಕ್ಕವನಿದ್ದಾಗ ಹಾಸಿಗೇಲೂ ಹೀಗೇ, ಎಲ್ಲರನ್ನೂ ಒದ್ದು ಮಧ್ಯೆ ಮಲಗೋನು."

ಜರೀಫಾಳಿಗೂ ನಗು ಬಂತು. ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ಗೋಡೆಯಾಚೆ ಖದ್ರಾಳ ಕೈಯಲ್ಲಿನ ಪಾತ್ರೆಯ ಸದ್ದು ನಿಂತುಹೋಯಿತು.

"ಬಿಚ್ಚಬೇಡ ಇದನ್ನ" ಎಂದಳು ಫಿದ್ದಾ, ನೀಲಿ ಮರವನ್ನು ಸವರುತ್ತ. "ಇದು ಅವನದು, ಇರ್ಲಿ. ಪಕ್ಕದಲ್ಲಿ ಕೆಂಪು ಹಾಕೋಣ. ಹೋಗು, ಆ ಖದ್ರಾಗೆ ಕಿವಿ ನೋವು ಬರೋ ಮೊದಲು ದಾರ ತಗೊಂಡು ಬಾ."

"ನೀವೂ ಬರ್ಬೇಕು ಅತ್ತೆ, ನನ್ನ ಜೊತೆ. ಆ ಮನೆಗೆ. ಅದು ಆಗಲ್ಲ ಅಂದ್ರೆ ನಾನೂ ಹೋಗಲ್ಲ."

"ಸಬ್ಹಾ ಮಾಡೋ ಅಡುಗೆ ತಿನ್ನೋಕಾ? ಸಾಯೋವರೆಗೆ ನನ್ನ ಒಲೆ ನನಗಿರ್ಲಿ. ಅವನಿಗೆ ವ್ಯಾನ್ ಇದೆಯಲ್ಲ? ದಿನಾ ಬೆಳಿಗ್ಗೆ ನಿನ್ನನ್ನ ಇಲ್ಲಿ ತಂದು ಇಳಿಸ್ಲಿ. ಸಂಜೆ ಬಣ್ಣ ಒಪ್ಪಿಸಿ ಹೋಗು. ಪೆಟ್ರೋಲ್ ಅಂತ ಗೊಣಗಿದ್ರೆ ನನ್ನ ಹತ್ರ ಕಳಿಸು ಅವನನ್ನ."

ಜರೀಫಾ ಓಡಿದಳು. ಖದ್ರಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಕೆಂಪು ಲಡಿ, ಕಂಕುಳಲ್ಲಿ ಅರ್ಧ ತೋಬು.

"ದಾರ ಕೊಡ್ತೀನಿ. ನನ್ನ ಮಗಳ ಬೋಳು ತೋಳೂ ತಗೊಂಡು ಹೋಗು."

"ಕೊಡು. ಎರಡು ದಿನದಲ್ಲಿ ಮುಗಿಸ್ತೀನಿ."

"ಅತ್ತೆ ಅಳ್ತಿದ್ರಾ ನಗ್ತಿದ್ರಾ?"

"ನೀನೇ ಕೇಳಿಸ್ಕೊಂಡ್ಯಲ್ಲ!"

ಜೀಪು ಮತ್ತೆ ಕೂಗಿಕೊಂಡು ಬಂದು, ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಹೊತ್ತಿಗೆ ಅವಳು ಒಳಗಿದ್ದಳು. ಸೂಜಿಗೆ ಕೆಂಪು ದಾರ ಪೋಣಿಸಿ ಅತ್ತೆಯ ಬೆರಳಿಗೆ ಕೊಟ್ಟಳು. ತಾನೂ ಒಂದು ಸೂಜಿ ಹಿಡಿದು ಪಕ್ಕದಲ್ಲಿ ಕೂತಳು. ಕೂತಳು ಎಂದರೆ ಏನು, ಮೊಣಕಾಲು ಕುಣಿಯುತ್ತಲೇ ಇತ್ತು. ಫಿದ್ದಾ ಅದರ ಮೇಲೆ ಒಂದು ಕೈ ಇಟ್ಟು ಒತ್ತಿ ಹಿಡಿದಳು.

"ಈಗ ಯಾವ ಬಣ್ಣ?"

"ಕೆಂಪು, ಅತ್ತೆ."

"ಎಂಥ ಕೆಂಪು?"

ಜರೀಫಾ ದಾರವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಸರ ಮಾಡಲಿಲ್ಲ. "ದಾಳಿಂಬೆ ಒಡೆದಾಗ ಒಳಗೆ ಇರುತ್ತಲ್ಲ, ಆ ಕೆಂಪು. ಸ್ವಲ್ಪ ಕಪ್ಪು ಬೆರೆತದ್ದು."

ಫಿದ್ದಾ ತಲೆಯಾಡಿಸಿದಳು. ಉಗುರಿನಿಂದ ಎಳೆ ಎಣಿಸಿ, ನೀಲಿ ಮರದ ಪಕ್ಕದಲ್ಲಿ ಸೂಜಿ ಇಳಿಸಿ, ದಾರ ಎಳೆದು ಬಿಗಿ ಮಾಡಿದಳು.

"ನಾಳೆ ಜೀಪು ಬಾಗಿಲು ಬಿಟ್ರೆ ಸಬ್ಹಾಗೆ ಹೇಳಿಕಳಿಸು" ಎಂದಳು. "ಅವತ್ತಿನ ಕಾಫಿ ಆರಿಹೋಗಿದೆ, ಬಂದು ಬಿಸಿಬಿಸಿ ಕುಡೀಲಿ ಅಂತ."